ಪನ್ನೀರುದಾನಿಯಲ್ಲಿ ಓದಿದ ಸಮಾಚಾರ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡು ಸಾಲು ಓದಿ ಪುಟ ತಿರುಗಿಸಿಬಿಡುತ್ತಿದ್ದೆ. ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡಿದ ಅಜ್ಜ, ಇವು ಯಾವುದನ್ನೂ ನಂಬದ ಹೆಂಗಸು ನಾನು. ನಂಬದಿದ್ದುದಷ್ಟೇ ಅಲ್ಲ, ನಂಬುವವರನ್ನು ಎದುರಿಗೆ ಕೂರಿಸಿಕೊಂಡು ‘ಅದು ಹಾಗಲ್ಲ, ಹೀಗೆ ಆಗಿರಬೇಕು ನೋಡಿ’ ಎಂದು ಬಿಡಿಸಿ ಹೇಳುವ ಚಟವೂ ಇತ್ತು. ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದಾಗ ವಾರಕ್ಕೊಮ್ಮೆ ಕೇಳುಗರಿಂದ ಅವರ ವಿಚಿತ್ರ ಅನುಭವಗಳನ್ನು ಹೇಳಿಸುವ ಕಾರ್ಯಕ್ರಮ ನನ್ನ ಪಾಲಿಗೆ ಬಂದಿತ್ತು. ಅವರು ಮುಗಿಸಿ ಎದ್ದು ಹೋದ ಮೇಲೆ ನಾನೂ ಅಲ್ಲೇ ಕೆಲಸಕ್ಕಿದ್ದ ಗೆಳತಿ ಪವಿತ್ರಳೂ ಚಹಾ ಕುಡಿಯುತ್ತಾ ಒಂದೊಂದಕ್ಕೂ ಕಾರಣ ಹುಡುಕಿ ನಗುತ್ತಿದ್ದೆವು. ಹೀಗಿದ್ದ ನನಗೇ, ಹಾಡಹಗಲಲ್ಲಿ, ನೂರಾರು ಜನ ಸೇರಿದ್ದ ಮದುವೆ ಮನೆಯಲ್ಲಿ ಇದು ನಡೆಯಿತು. ಇವತ್ತು ಪವಿತ್ರಳ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಇಷ್ಟು ವರ್ಷವಾದರೂ ನನ್ನ ಹತ್ತಿರ ಕಾರಣವಿಲ್ಲ.

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ಬೆಳಗೋಡಿನಲ್ಲಿ ಊರಿನ ಕೆಲವರು ಸೇರಿ ಒಂದು ಸಣ್ಣ ಸಮುದಾಯ ಬಾನುಲಿ ಕೇಂದ್ರ ಶುರುಮಾಡಿದ್ದರು. ಹಳೆಯ ಕಾಫಿ ಗೋಡೌನಿನ ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಗೋಡೆಗೆಲ್ಲ ಕಂಬಳಿ, ಗೋಣಿತಾಟು ಹೊಡೆದು ಮಾಡಿಕೊಂಡ ಸ್ಟುಡಿಯೋ. ಇನ್ನೊಂದರಲ್ಲಿ ಟ್ರಾನ್ಸ್‌ಮೀಟರು, ಒಂದು ಕಂಪ್ಯೂಟರು, ಮುರಿದ ಕೈಯ ಕುರ್ಚಿಗಳು. ಮಾಡಿನ ಮೇಲೆ ಎತ್ತರದ ಕಬ್ಬಿಣದ ಕಂಬ. ಕೇಂದ್ರಕ್ಕೆ ಏನೋ ಹೆಸರಿತ್ತು, ಜನ ಮಾತ್ರ ‘ನಮ್ ರೇಡಿಯೋ’ ಎಂದೇ ಕರೆಯುತ್ತಿದ್ದರು.

ನಮ್ಮಂಥ ಕೇಂದ್ರಗಳಿಗೆ ಸುದ್ದಿ ಓದಲು ಆಗ ಅನುಮತಿ ಇರಲಿಲ್ಲ. ಹಾಗಾಗಿ ಅದನ್ನು ನಾವು ಸುದ್ದಿ ಎನ್ನದೆ ‘ಊರ ಸಮಾಚಾರ’ ಎಂದು ಕರೆದೆವು. ಇಂಥವರ ಹಸು ತಪ್ಪಿಸಿಕೊಂಡಿದೆ, ಎಡಗಿವಿ ಹರಿದಿದೆ, ಕಂಡವರು ತಿಳಿಸಿ. ಆಲೂರಿನ ಬೆಳಗಿನ ಬಸ್ಸು ಇವತ್ತು ಬರುವುದಿಲ್ಲ, ಡ್ರೈವರಣ್ಣನಿಗೆ ಜ್ವರ. ಆನೆಗಳು ಇಂಥ ತೋಟದ ಬೇಲಿ ಹತ್ತಿರ ಇವೆ, ಮಕ್ಕಳನ್ನು ಒಬ್ಬೊಬ್ಬರನ್ನೇ ಶಾಲೆಗೆ ಕಳಿಸಬೇಡಿ. ನಾಳೆ ಇಂಥವರ ಮನೆ ಗೃಹಪ್ರವೇಶ, ಬೇರೆಯಾಗಿ ಬಂದು ಕರೆದಿಲ್ಲವೆಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಇಂಥವನ್ನು ಓದುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ, ನನ್ನ ಬದುಕಿನಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಬೇರೊಂದಿಲ್ಲ.

ನಮ್ಮ ದನಿ ಬಹಳ ದೂರ ಹೋಗುತ್ತಿರಲಿಲ್ಲ. ಬೆಳಗೋಡಿನ ಸುತ್ತಲಿನ ಹಳ್ಳಿಗಳಿಗೆ ಚೆನ್ನಾಗಿ ಕೇಳುತ್ತಿತ್ತು. ಸಕಲೇಶಪುರ ಪೇಟೆಯಲ್ಲಿ ರೇಡಿಯೋವನ್ನು ಕಿಟಕಿಗೆ ತಂದಿಟ್ಟರೆ ಕೇಳುತ್ತಿತ್ತು. ಪೇಟೆ ದಾಟಿ ಘಟ್ಟದ ಕಡೆಗೆ ಹೊರಟರೆ ಗುಡ್ಡಗಳು ಅಡ್ಡ ಬಂದು, ಎರಡು ತಿರುವಿನಲ್ಲಿ ನಮ್ಮ ಕಥೆ ಮುಗಿಯುತ್ತಿತ್ತು. ಹೆಗ್ಗದ್ದೆ, ಮಾರನಹಳ್ಳಿ ಕಡೆಯವರಿಗೆ ಇಂಥದ್ದೊಂದು ರೇಡಿಯೋ ಇದೆ ಎಂದು ಗೊತ್ತಿತ್ತೇ ಹೊರತು ಅವರು ಮನೆಯಲ್ಲಿ ಕೂತು ಕೇಳಿದವರಲ್ಲ.

ಪವಿತ್ರ ನನ್ನ ಜೊತೆಯವಳು, ಗೆಳತಿ. ತೋಟ ಗದ್ದೆಗಳ ಕಾರ್ಯಕ್ರಮ ನಡೆಸುತ್ತಿದ್ದಳು. ಅವಳ ನಗು ನಮ್ಮ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಒಮ್ಮೆ ಶುರುವಾದರೆ ನಿಲ್ಲದ, ಕೊನೆಗೆ ಉಸಿರು ಎಳೆದುಕೊಳ್ಳುವಾಗ ಸಣ್ಣಗೆ ಕೀರಲು ಸದ್ದು ಬರುವ ನಗು. ಮೈಕು ಆನ್ ಇರುವಾಗ ನಗಬೇಡವೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಸಂತೆಯಲ್ಲಿ ಸಿಕ್ಕ ಹೆಂಗಸರು ‘ಆ ನಗೋ ಹುಡ್ಗಿ ನೀನೇನವ್ವ?’ ಎಂದು ನನ್ನನ್ನೇ ಕೇಳುತ್ತಿದ್ದರು.

ಅವಳಿಗೆ ತಂದೆ ಇರಲಿಲ್ಲ. ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಎರಡು ಸಲ ಮದುವೆ ಮಾತು ನಡೆದು ಮುರಿದುಹೋಗಿತ್ತು. ಮೂವತ್ತು ದಾಟುವ ಹೊತ್ತಿಗೆ ಅವಳೇ ‘ಇನ್ನು ಸಾಕು’ ಎಂದು ಸುಮ್ಮನಾಗಿದ್ದಳು. ಆಗ ಬಂದವನು ದಿನೇಶ, ಘಟ್ಟದ ಕೆಳಗಿನವನು. ಕಾಳುಮೆಣಸಿನ ಕಸಿ ಬಳ್ಳಿ ಮಾಡುವುದು ಹೇಗೆಂದು ಹೇಳಲು ನಮ್ಮ ಕೇಂದ್ರಕ್ಕೆ ಬಂದವನು ಮೂರು ಕಂತಿಗೆ ಆಗುವಷ್ಟು ಮಾತಾಡಿ ಹೋದ. ನಾಲ್ಕನೆಯದಕ್ಕೆ ನಾವು ಕರೆಯದೆಯೇ ಬಂದ. ಐದನೆಯ ಸಲ ಬಂದಾಗ ಬಳ್ಳಿಯ ಮಾತೇ ಇರಲಿಲ್ಲ.

ದೊಡ್ಡಪ್ಪನಿಗೆ ಈ ಸಂಬಂಧ ಅಷ್ಟಾಗಿ ಹಿಡಿಸಲಿಲ್ಲ. ಮನೆಯ ಜಗಲಿಯಲ್ಲಿ ಕೂತು, ‘ಘಟ್ಟದ ಕೆಳಗಿನ ಸೆಕೆ ನಮ್ ಮಗೀಗೆ ಆಗ್ತದೇನೋ? ಅವ್ರ ಊಟ ಬೇರೆ, ಮಾತು ಬೇರೆ’ ಎಂದು ಬಂದವರ ಹತ್ತಿರವೆಲ್ಲ ಹೇಳಿಕೊಂಡರು. ಕೊನೆಗೆ ಅವಳ ಮುಖ ನೋಡಿ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಮದುವೆ ನಮ್ಮೂರಲ್ಲೇ ಆಗಬೇಕು, ತಮ್ಮ ಪುರೋಹಿತರು ಇಟ್ಟ ಮುಹೂರ್ತಕ್ಕೇ ಆಗಬೇಕು. ‘ಮುಹೂರ್ತ ತಪ್ಪಿದ್ರೆ ನಾನು ಧಾರೆ ಎರೆಯಾಕಿಲ್ಲ. ಎದ್ದು ಮನೆಗೆ ಹೋಯ್ತೀನಿ, ಅಷ್ಟೇಯ’ ಎಂದಿದ್ದರು. ಅವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ಮೇ ತಿಂಗಳ ಮದುವೆ. ಹಿಂದಿನ ಸಂಜೆ ಎಲ್ಲಿತ್ತೋ ಏನೋ, ಗಾಳಿ ಮಳೆ ಎದ್ದುಬಂತು. ತೋಟಗಳ ಸಿಲ್ವರ್ ಮರಗಳು ಸಾಲುಸಾಲಾಗಿ ಮುರಿದವು, ಕರೆಂಟು ಕಂಬಗಳು ಉರುಳಿದವು. ಇಡೀ ತಾಲ್ಲೂಕೇ ಕತ್ತಲಾಯಿತು. ನಾನು ಕೇಂದ್ರದ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ. ನಮ್ಮ ತಾಂತ್ರಿಕ ಕೆಲಸ ನೋಡಿಕೊಳ್ಳುತ್ತಿದ್ದ ಮಂಜುನಾಥ, ‘ರೇಡಿಯೋ ಒಂದಿನ ಮಲಗಿದ್ರೆ ಏನೂ ಆಗಲ್ಲ, ಮದುವೆ ಮನೆ ಕತ್ತಲಾಗಬಾರದು’ ಎಂದು ಕೇಂದ್ರದ ಜನರೇಟರನ್ನೇ ಬಿಚ್ಚಿ ಪಿಕಪ್ಪಿನಲ್ಲಿ ಹಾಕಿಕೊಂಡು ಮದುವೆಯ ಸಮುದಾಯ ಭವನಕ್ಕೆ ಸಾಗಿಸಿದ. ಇದನ್ನು ನೀವು ಸರಿಯಾಗಿ ಗಮನಿಸಬೇಕು. ಕರೆಂಟಿಲ್ಲ, ಜನರೇಟರ್ ಇಲ್ಲ, ಬಾಗಿಲಿಗೆ ಬೀಗ, ಕೀಲಿ ನನ್ನ ಸೆರಗಿನಲ್ಲಿ. ಮದುವೆಯ ದಿನ ನಮ್ಮ ರೇಡಿಯೋ ಸತ್ತು ಮಲಗಿತ್ತು.

ಬೆಳಗಾಗುವಷ್ಟರಲ್ಲಿ ಮಳೆ ನಿಂತು ಒಳ್ಳೆ ಬಿಸಿಲು ಬಂದಿತ್ತು. ಭವನದ ಅಂಗಳ ಜನರಿಂದ ತುಂಬಿಹೋಯಿತು. ವಾರವಿಡೀ ನಾನೇ ಸಮಾಚಾರದಲ್ಲಿ ‘ನಮ್ಮ ಪವಿತ್ರಳ ಮದುವೆ, ಎಲ್ಲರೂ ಬನ್ನಿ’ ಎಂದು ಓದಿದ್ದೆನಲ್ಲ, ಜನ ಆ ಮಾತನ್ನು ಹಾಗೇ ನಂಬಿಕೊಂಡು ಬಂದಿದ್ದರು. ಮುಖ ನೋಡದೆ ದನಿ ಮಾತ್ರ ಕೇಳಿದ್ದ ಹೆಂಗಸರು ಬಾಳೆಗೊನೆ, ತೆಂಗಿನಕಾಯಿ, ಒಬ್ಬಳಂತೂ ಕಾಲು ಕಟ್ಟಿದ ಹುಂಜವನ್ನೇ ಉಡುಗೊರೆಯಾಗಿ ಹಿಡಿದುಕೊಂಡು ಬಂದಳು. ಅಡುಗೆಯವರು ಒಳಗಿಂದ ಇಣುಕಿ ನೋಡಿ, ‘ಏನ್ ತಾಯಿ, ಜಾತ್ರೆ ಕರೆದ್ಬುಟ್ಟಿದ್ದೀರಲ್ಲ!’ ಎಂದು ಇನ್ನೊಂದು ಹಂಡೆಗೆ ಅಕ್ಕಿ ಸುರಿದರು.

ಎಲ್ಲ ಇದ್ದರು. ಗಂಡಿನ ಕಡೆಯವರು ಮಾತ್ರ ಇರಲಿಲ್ಲ.

ದಿಬ್ಬಣ ಬೆಳಗಿನ ತಿಂಡಿಗೇ ಬರಬೇಕಿತ್ತು. ಫೋನು ಮಾಡೋಣವೆಂದರೆ ಮೊಬೈಲ್ ಟವರ್ ರಾತ್ರಿಯೇ ಕೆಟ್ಟಿತ್ತು, ಮನೆ ಫೋನುಗಳ ತಂತಿ ಹರಿದಿತ್ತು. ಪೇಟೆಯ ಕಡೆಯಿಂದ ಬೈಕಿನಲ್ಲಿ ಬಂದವನೊಬ್ಬ, ‘ಘಟ್ಟದ ರೋಡಲ್ಲಿ ಮರ ಬಿದ್ದೈತಂತೆ ಕಣ್ರೀ, ಎಲ್ಲಿ ಅಂತ ಗೊತ್ತಿಲ್ಲ, ಗಾಡಿ ಒಂದೂ ಬತ್ತಾ ಇಲ್ಲ’ ಎಂದು ಹೇಳಿದ. ಅಷ್ಟು ಕೇಳಿದ ದೊಡ್ಡಪ್ಪ ಭವನದ ಗೋಡೆ ಗಡಿಯಾರದ ಕೆಳಗೆ ಒಂದು ಕುರ್ಚಿ ಹಾಕಿಸಿಕೊಂಡು, ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತುಬಿಟ್ಟರು. ವಾಲಗದವರು ಊದಿ ಊದಿ ಸುಸ್ತಾಗಿ ಮರದ ನೆರಳಿಗೆ ಹೋದರು.

ನಾನು ಒಳಗೆ ಪವಿತ್ರಳ ಜೊತೆಗಿದ್ದೆ. ಕಿಕ್ಕಿರಿದಿದ್ದ ಹೆಂಗಸರೆಲ್ಲ ದಾರಿ ನೋಡಲು ಹೊರಗೆ ಹೋಗಿದ್ದರು. ಬಾಗಿಲು ಮುಂದೆ ಮಾಡಿ ಅವಳ ಜಡೆಗೆ ಮೊಗ್ಗು ಸಿಕ್ಕಿಸುತ್ತಿದ್ದೆ. ಯಾವಾಗಲೂ ನಗುವವಳು ಕನ್ನಡಿ ನೋಡುತ್ತಾ ಕಲ್ಲಿನಂತೆ ಕೂತಿದ್ದಳು.

‘ಇದೂ ಹೋಯ್ತು ಅಲ್ವೇನೇ?’ ಎಂದಳು.

‘ಹುಚ್ಚಿ, ಮರ ಬಿದ್ರೆ ಮದುವೆ ಹೋಗುತ್ತಾ?’

‘ದೊಡ್ಡಪ್ಪ ಎದ್ದು ಹೋಗ್ತಾರೆ. ನಿಂಗೊತ್ತಿಲ್ಲ ಅವರು.’ ಕಣ್ಣು ತುಂಬಿಕೊಂಡಿತು, ಕಾಡಿಗೆ ಇಳಿಯುವಂತಾಯಿತು.

ಏನು ಮಾಡಲಿ ನಾನು? ಪಕ್ಕದ ತಟ್ಟೆಯಲ್ಲಿ ಬಂದವರ ಮೇಲೆ ಚಿಮುಕಿಸಲು ತಂದಿಟ್ಟ ಬೆಳ್ಳಿಯ ಪನ್ನೀರುದಾನಿ ಇತ್ತು. ಉದ್ದನೆಯ ಕತ್ತು, ತುದಿಯಲ್ಲಿ ತೂತು ತೂತಿನ ತಲೆ. ನೋಡಲು ಮೈಕಿನ ಹಾಗೇ ಇತ್ತು. ಅದನ್ನು ಎತ್ತಿ ಬಾಯಿಯ ಮುಂದೆ ಹಿಡಿದು, ಗಂಟಲು ಸರಿಮಾಡಿಕೊಂಡು, ನನ್ನ ಓದುವ ದನಿಯಲ್ಲಿ ಶುರುಮಾಡಿದೆ.

‘ಎಲ್ಲರಿಗೂ ನಮಸ್ಕಾರ. ಈಗ ಊರ ಸಮಾಚಾರ. ನಮ್ಮ ಪವಿತ್ರಳ ಮದುವೆಗೆ ಬರುತ್ತಿರುವ ದಿಬ್ಬಣದ ಬಸ್ಸು, ಮರ ಬಿದ್ದ ಕಾರಣ ಮಾರನಹಳ್ಳಿ ಹತ್ತಿರ ನಿಂತುಬಿಟ್ಟಿದೆ. ಜೀಪು ಇರುವ ಅಣ್ಣಂದಿರು ದಯಮಾಡಿ ಹೆಗ್ಗದ್ದೆಯ ಎಸ್ಟೇಟ್ ಗೇಟಿಗೆ ಬನ್ನಿ. ರೈಟರೇ, ಒಂದು ಸಲ ಗೇಟು ತೆಗೆಯಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ.’

ಇಷ್ಟಕ್ಕೆ ಪವಿತ್ರ ಫಳ್ಳನೆ ನಕ್ಕುಬಿಟ್ಟಳು. ಅದೇ ನಗು, ಕೊನೆಯ ಕೀರಲಿನ ಸಮೇತ. ನನಗೂ ಹುರುಪು ಬಂತು.

‘ಕೊನೆಯದಾಗಿ ಒಂದು ಸೂಚನೆ. ಮದುಮಗನ ಪೇಟ ಬಸ್ಸಿನ ಹಿಂದಿನ ಸೀಟಿನ ಕೆಳಗಿದೆ. ಗಡಿಬಿಡಿಯಲ್ಲಿ ಬಿಟ್ಟು ಬರಬೇಡಿ. ಬರೀ ತಲೆಯಲ್ಲಿ ಬಂದ ಗಂಡನ್ನು ನಮ್ಮ ದೊಡ್ಡಪ್ಪ ಒಳಗೆ ಸೇರಿಸುವುದಿಲ್ಲ.’

ಮಾರನಹಳ್ಳಿ ಎಂದದ್ದು ಬರೀ ಊಹೆ. ಘಟ್ಟ ಹತ್ತಿ ಬಂದವರಿಗೆ ಮೊದಲು ಸಿಗುವ ಊರು ಅದು, ಬಾಯಿಗೆ ಬಂತು. ಹೆಗ್ಗದ್ದೆಯ ಎಸ್ಟೇಟಿನೊಳಗೆ ಜೀಪು ಓಡಾಡುವ ಒಳದಾರಿ ಇದೆ, ಅದರ ಗೇಟಿನ ಬೀಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೈಯಲ್ಲಿರುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು, ಅದನ್ನೂ ಸೇರಿಸಿದೆ. ಪೇಟದ ಮಾತು ಎಲ್ಲಿಂದ ಬಂತೋ ನನಗೆ ತಿಳಿಯದು. ಪವಿತ್ರ ನಗಲೆಂದು ಹೇಳಿದೆ, ನಕ್ಕಳು, ನಾನು ಅವಳ ಕಾಡಿಗೆ ಸರಿಮಾಡಿದೆ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡೆ.

ಹೊತ್ತು ಏರಿತು. ಮುಹೂರ್ತ ಹತ್ತಿರ ಬಂತು. ಪುರೋಹಿತರು ಮಂಟಪದಲ್ಲಿ ಒಬ್ಬರೇ ಕೂತು ಕಲಶ ಸರಿಮಾಡಿದ್ದನ್ನೇ ಸರಿಮಾಡುತ್ತಿದ್ದರು. ದೊಡ್ಡಪ್ಪ ಒಂದು ಸಲ ಗಡಿಯಾರ ನೋಡಿ, ಒಂದು ಸಲ ಬಾಗಿಲು ನೋಡಿ, ಕೊಡೆ ಊರಿ ಎದ್ದು ನಿಂತರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನ ಕೈಯನ್ನು ಪವಿತ್ರ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಆಗ ದೂರದಲ್ಲಿ ಹಾರನ್ ಕೇಳಿಸಿತು. ಒಂದಲ್ಲ, ನಾಲ್ಕಾರು, ಒಟ್ಟಿಗೆ. ತಿರುವಿನಲ್ಲಿ ಮೊದಲು ಕಾಣಿಸಿದ್ದು ಕೆಸರು ಮೆತ್ತಿದ ಒಂದು ಜೀಪು. ಅದರ ಹಿಂದೆ ಇನ್ನೊಂದು, ಮತ್ತೊಂದು, ಕೊನೆಯಲ್ಲಿ ಎಸ್ಟೇಟಿನ ಟ್ರಾಕ್ಟರು. ಟ್ರಾಕ್ಟರಿನ ಟ್ರೈಲರಿನಲ್ಲಿ ರೇಷ್ಮೆ ಸೀರೆಯ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಾ ನಿಂತಿದ್ದರು. ಮೊದಲ ಜೀಪಿನ ಮುಂದಿನ ಸೀಟಿನಲ್ಲಿ ದಿನೇಶ. ಪಂಚೆ ತುಂಬ ಕೆಸರು, ತಲೆಯ ಮೇಲೆ ಮಾತ್ರ ಒಂದು ಮಡಿಕೆಯೂ ಕೆಡದ ಜರಿಯ ಪೇಟ.

ವಾಲಗದವರು ಮರದ ನೆರಳಿನಿಂದ ಓಡಿಬಂದರು. ಇನ್ನೂ ವಿಚಿತ್ರವೆಂದರೆ ಎಲ್ಲರಿಗಿಂತ ಮುಂದೆ ಓಡಿದವರು ದೊಡ್ಡಪ್ಪ. ‘ಬನ್ರೋ, ಬನ್ರೋ! ಟೈಮಾಯ್ತು! ಕಾಲು ಆಮೇಲೆ ತೊಳೆಯೋಣ, ಮೊದ್ಲು ಮಂಟಪಕ್ಕೆ ಹತ್ತು ಮಾರಾಯ!’ ಎಂದು ಕೊಡೆಯನ್ನು ಅಲ್ಲೇ ಎಸೆದು ದಿನೇಶನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಮುಹೂರ್ತ ಮೀರುವುದರೊಳಗೆ ಧಾರೆ ಆಯಿತು. ಧಾರೆ ಎರೆಯುವಾಗ ಆ ಮುದುಕರ ಚೊಂಬಿನ ನೀರಿಗಿಂತ ಕಣ್ಣಿನ ನೀರೇ ಹೆಚ್ಚು ಬಿತ್ತು ಎಂದು ಆಮೇಲೆ ಎಲ್ಲರೂ ಅವರನ್ನು ಕಾಡಿಸಿದರು.

ಮೊದಲ ಪಂಕ್ತಿಯಲ್ಲಿ ಜೀಪಿನವರನ್ನು ಕೂರಿಸಿದೆವು. ನಾನು ಪಾಯಸ ಬಡಿಸುತ್ತಾ ಬಂದೆ. ಮುಂದಿನ ಜೀಪು ಓಡಿಸಿಕೊಂಡು ಬಂದವನು ರಫೀಕ್. ಪೇಟೆಯವನು, ಎಸ್ಟೇಟುಗಳಿಗೆ ಬಾಡಿಗೆ ಓಡಿಸುತ್ತಿದ್ದ, ಬೆಳಗೋಡಿಗೆ ಬಂದಾಗಲೆಲ್ಲ ನಮ್ಮ ಕೇಂದ್ರಕ್ಕೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಹಿಂದಿನ ದಿನ ಹೆಗ್ಗದ್ದೆಗೆ ಬಾಡಿಗೆ ಹೋಗಿ ಮಳೆಗೆ ಸಿಕ್ಕಿ ಅಲ್ಲೇ ಉಳಿದಿದ್ದನಂತೆ.

‘ಏನಕ್ಕಾ, ಮದುವೆ ದಿನಾನೂ ಡ್ಯೂಟಿ ಮಾಡ್ಬುಟ್ರಲ್ಲ!’ ಎಂದ.

‘ಯಾವ ಡ್ಯೂಟಿ?’

‘ಅದೇ, ಬೆಳಗ್ಗೆ ಹೇಳಿದ್ರಲ್ಲ, ದಿಬ್ಬಣ ನಿಂತೈತೆ, ಜೀಪಿರೋರು ಹೆಗ್ಗದ್ದೆ ಗೇಟಿಗೆ ಬನ್ನಿ ಅಂತ. ನಾನು ಕೂಲಿಯೋರ ಲೈನ್ ಮನೆಗಳ ಮುಂದೆ ಜೀಪು ತೊಳೀತಾ ಇದ್ದೆ. ಸ್ಟೀರಿಯೋ ಬರೀ ಸೊರ್ ಅಂತಿತ್ತು. ಇದ್ದಕ್ಕಿದ್ದಂಗೆ ನಿಮ್ ದನಿ ಬಂತು ಕಣಕ್ಕಾ, ಪಕ್ಕದ ಸೀಟಲ್ಲಿ ಕೂತು ಮಾತಾಡ್ದಂಗೆ. ಗೇಟಿಗೆ ಓಡಿದ್ರೆ ರೈಟರ್ ಆಗ್ಲೇ ಬೀಗ ತೆಗೀತಾ ಅವ್ರೆ. ನಂಗೇ ಆಶ್ಚರ್ಯ! ಆ ಪುಣ್ಯಾತ್ಮ ಸಾಹುಕಾರ್ರನ್ನ ಕೇಳ್ದೆ ನಾಯಿ ಕೂಡ ಒಳಗೆ ಬಿಡೋನಲ್ಲ.’

ಯಾರೋ ತಮಾಷೆಗೆ ಇವನಿಗೆ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ಆದರೆ ಯಾರು? ಆ ಕೋಣೆಯಲ್ಲಿ ನಾವಿಬ್ಬರೇ ಇದ್ದದ್ದು. ಪವಿತ್ರ ಆಮೇಲೆ ಮಂಟಪ ಬಿಟ್ಟು ಇಳಿದಿರಲಿಲ್ಲ.

ಸುಮ್ಮನೆ ಕೇಳಿದೆ, ‘ಆಮೇಲೆ ಇನ್ನೇನು ಹೇಳಿದೆ ನಾನು?’

‘ಪೇಟ! ಹಿಂದಿನ ಸೀಟ್ ಕೆಳಗೈತೆ, ಬಿಟ್ ಬರ್ಬೇಡಿ ಅಂದ್ರಲ್ಲ. ಬಸ್ಸು ನೀವು ಹೇಳ್ದಂಗೇ ಮಾರನಹಳ್ಳಿ ಹತ್ರಾನೇ ನಿಂತಿತ್ತು, ಅಲ್ಲಿಂದ ಹೊರಡೋ ಮುಂಚೆ ಮದುಮಗನಿಗೆ ಹೇಳ್ದೆ. ಅವ್ರ ಕಡೆಯೋರು, ಇಲ್ಲ ಇಲ್ಲ, ಪೇಟದ ಡಬ್ಬ ನಮ್ಮತ್ರನೇ ಐತೆ ಅಂದ್ರು. ಬಿಚ್ಚಿ ನೋಡಿದ್ರೆ ಅದ್ರಲ್ಲಿ ಬಳೆ. ಬಸ್ಸಿಗೆ ಹತ್ತಿ ನೋಡಿದ್ರೆ ಸೀಟ್ ಕೆಳಗೇ ಇತ್ತು ಕಣಕ್ಕಾ.’ ಪಾಯಸ ಕಲಸುತ್ತಾ, ಅದು ದೊಡ್ಡ ವಿಷಯವೇ ಅಲ್ಲ ಎಂಬಂತೆ ಸೇರಿಸಿದ. ‘ಅಲ್ಲ, ಸಮಾಚಾರ ಓದೋವಾಗ ಪವಿತ್ರಕ್ಕನ್ನ ಯಾಕೆ ಪಕ್ಕದಲ್ಲಿ ಕೂರಿಸ್ಕೊಂಡಿದ್ರಿ? ಮಧ್ಯದಲ್ಲಿ ಅವ್ರ ನಗು ಬಂದು ಅರ್ಧ ಮಾತು ಕೇಳಿಸ್ಲಿಲ್ಲ.’

ನನ್ನ ಕೈಯಲ್ಲಿದ್ದ ಪಾಯಸದ ಬಕೆಟ್ಟನ್ನು ಕೆಳಗೆ ಇಟ್ಟೆ. ಹೆದರಿಕೆ ಎನ್ನಲಾರೆ. ಸುತ್ತ ಅಷ್ಟೊಂದು ನಗು, ಗದ್ದಲ, ಹೋಳಿಗೆಯ ವಾಸನೆ, ವಾಲಗ. ಅದರ ನಡುವೆ ಹೆದರುವುದು ಹೇಗೆ? ಯಾರೋ ಹಿಂದಿನಿಂದ ಬಂದು ಕಣ್ಣು ಮುಚ್ಚಿದಾಗ ಯಾರೆಂದು ತಿಳಿಯುವ ಮೊದಲು ಒಂದು ಕ್ಷಣ ಆಗುತ್ತದಲ್ಲ, ಹಾಗೆ ಆಯಿತು.

ಊಟದ ಪಂಕ್ತಿಗಳು ಮುಗಿಯುತ್ತಿದ್ದಂತೆ ಮಂಜುನಾಥನನ್ನು ಎಳೆದುಕೊಂಡು ಕೇಂದ್ರಕ್ಕೆ ಹೋದೆ. ಬೀಗ ಹಾಕಿದಂತೆಯೇ ಇತ್ತು. ತೆಗೆದು ಒಳಗೆ ಹೋದೆವು. ಟ್ರಾನ್ಸ್‌ಮೀಟರ್ ಮುಟ್ಟಿ ನೋಡಿದ, ತಣ್ಣಗಿತ್ತು. ಅದರ ವೈರನ್ನು ಹಿಂದಿನ ಸಂಜೆ ಸಿಡಿಲಿಗೆ ಹೆದರಿ ಅವನೇ ಕಿತ್ತಿಟ್ಟಿದ್ದ. ಕಿತ್ತ ವೈರು ಕಿತ್ತ ಹಾಗೇ ನೆಲದ ಮೇಲಿತ್ತು.

ಮಂಜುನಾಥ ಯೋಚಿಸಿ ಒಂದು ಕಾರಣ ಹೇಳಿದ. ಮೈಕ್‌ಸೆಟ್ಟಿನವರು ಮದುವೆಗೆ ವೈರಿಲ್ಲದ ಮೈಕು ತಂದಿದ್ದರು. ಅಂಥದ್ದು ಕೆಲವೊಮ್ಮೆ ಹತ್ತಿರದ ರೇಡಿಯೋಗಳಲ್ಲಿ ನುಸುಳಿ ಕೇಳಿಸುತ್ತದೆ, ಅದು ನಮ್ಮ ಕೋಣೆಯ ಮಾತನ್ನು ಹಿಡಿದಿರಬಹುದು. ನನಗೆ ಜೀವ ಬಂದಂತಾಯಿತು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವನೇ ತಲೆ ಕೆರೆದುಕೊಂಡ. ‘ಆಗೋದಿಲ್ಲ ಅಕ್ಕ. ಅದು ಭವನದ ಅಂಗಳ ದಾಟಿದ್ರೆ ಹೆಚ್ಚು. ಅದೂ ಅಲ್ದೆ, ದಿಬ್ಬಣ ಬರೋವರೆಗೂ ಡೀಸೆಲ್ ಉಳಿಸೋಣ ಅಂತ ಜನರೇಟರ್ ಆಫ್ ಮಾಡಿದ್ದೆ. ಮೈಕು ಅವರ ಪೆಟ್ಟಿಗೆ ಒಳಗಿತ್ತು.’

ಮುಂದಿನ ದಿನಗಳಲ್ಲಿ ನಾನು ವಿಚಾರಿಸದೆ ಬಿಟ್ಟವರಿಲ್ಲ. ಬೆಳಗೋಡಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ನಮ್ಮ ದನಿ ದಿನವೂ ತಲುಪುವ ಕಡೆಗಳಲ್ಲೆಲ್ಲ ಕೇಳಿದೆ. ಬ್ಯಾಟರಿ ರೇಡಿಯೋ ಹಚ್ಚಿಟ್ಟುಕೊಂಡಿದ್ದವರು ಹಲವರಿದ್ದರು. ಆ ಬೆಳಗ್ಗೆ ಬರೀ ಸೊರ್ ಎಂಬ ಸದ್ದು, ಮತ್ತೇನೂ ಇಲ್ಲ ಎಂದರು. ಎಲ್ಲಿ ಎಂದೂ ಕೇಳಿಸುತ್ತಿರಲಿಲ್ಲವೋ ಅಲ್ಲಿ ಮಾತ್ರ ಕೇಳಿಸಿತ್ತು.

ರಸ್ತೆ ತೆರವಾದ ಮೇಲೆ ರಫೀಕನ ಜೀಪಿನಲ್ಲೇ ಹೆಗ್ಗದ್ದೆಗೆ ಹೋಗಿ ರೈಟರನ್ನು ಕಂಡೆ. ಮೆತ್ತಗಿನ ಮಾತಿನ, ಬೇಗ ಗಾಬರಿಯಾಗುವ ಮನುಷ್ಯ. ರಫೀಕನನ್ನು ದೂರ ನಿಲ್ಲಿಸಿ ಅವರೊಬ್ಬರನ್ನೇ ಕೇಳಿದೆ. ಸ್ಟೋರಿನ ಬಾಗಿಲಲ್ಲಿ ನಿಂತು ಹೇಳಿದರು: ‘ಮೇಡಮ್ಮೋರೆ, ನಾನು ಇಲ್ಲಿಗೆ ಬಂದ ಮೇಲೆ ಹೇಳ್ದೆ ಕೇಳ್ದೆ ಆ ಗೇಟ್ ತೆಗೆದಿದ್ದು ಅದೊಂದೇ ಸಲ. ನೀವು ರೇಡಿಯೋದಲ್ಲಿ ರೈಟರೇ ಅಂತ ಕರೆದ್ರಲ್ಲ, ಊರಿಗೆಲ್ಲ ಕೇಳೋ ಹಂಗೆ. ಹೊಟ್ಟೆ ತಣ್ಣಗಿರ್ಲಿ ಅಂದ್ರಿ. ಅಷ್ಟು ಕೇಳಿದ್ಮೇಲೆ ತೆಗೀದೆ ಇರಕ್ಕಾಯ್ತದಾ? ಸಾಹುಕಾರ್ರು ಬೈತಾರೆ ಅಂತಿದ್ದೆ. ಅವ್ರು ಕೇಳಿ ನಕ್ಬುಟ್ರು, ನಂಗೂ ಒಂದು ಹೋಳಿಗೆ ತರಬಾರದಿತ್ತೇನಯ್ಯಾ ಅಂದ್ರು.’

ನಾನು ಹೇಳಿದ್ದು ಆ ಮಾತುಗಳನ್ನೇ. ಒಂದಕ್ಷರ ಆಚೆ ಈಚೆ ಇಲ್ಲ. ಹೊಟ್ಟೆ ತಣ್ಣಗಿರಲಿ ಎಂದದ್ದನ್ನು ನಾನು ಅಲ್ಲಿಯವರೆಗೆ ಮಂಜುನಾಥನಿಗೂ ಬಾಯಿ ಬಿಟ್ಟಿರಲಿಲ್ಲ. ಆ ಮನುಷ್ಯನ ಮುಖದಲ್ಲಿ ಸುಳ್ಳಿನ ನೆರಳೂ ಇರಲಿಲ್ಲ. ಅವರಿಗೆ ಇದು ವಿಚಿತ್ರವೆಂದೇ ಗೊತ್ತಿರಲಿಲ್ಲ. ರೇಡಿಯೋ ಹೇಳಿತು, ಅವರು ಗೇಟು ತೆಗೆದರು. ‘ಅವತ್ತು ನಮ್ಮ ರೇಡಿಯೋ ಇರಲೇ ಇಲ್ಲ’ ಎಂದು ಹೇಳಬೇಕೆಂದು ಬಾಯಿ ತೆರೆದವಳು ಅವರ ಸಂತೋಷ ನೋಡಿ, ಕೈಚೀಲದಿಂದ ಹೋಳಿಗೆಯ ಪೊಟ್ಟಣ ತೆಗೆದುಕೊಟ್ಟು ಬಂದೆ.

ಪವಿತ್ರಳಿಗೆ ಹೇಳಿದಾಗ ಅವಳು ತಲೆ ಕೆಡಿಸಿಕೊಳ್ಳಲೇ ಇಲ್ಲ. ‘ಬೇಕಾದೋರಿಗೆ ಕೇಳಿಸ್ತು ಬಿಡೇ. ನನ್ನ ಮದುವೆ ಆಯ್ತು, ನಿಂಗೆ ಕಾರಣ ಯಾಕೆ?’ ಎಂದಳು. ಘಟ್ಟದ ಕೆಳಗಿನ ಸೆಕೆ ಅವಳಿಗೆ ಒಗ್ಗಿತು. ದೊಡ್ಡಪ್ಪ ಇರುವಷ್ಟು ಕಾಲವೂ ಬೇಸಿಗೆಗೊಮ್ಮೆ ಅವಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು, ಬರುವಾಗ ಮೆಣಸಿನ ಬಳ್ಳಿ ಹೊತ್ತು ತರುತ್ತಿದ್ದರು. ನಾನೇ, ಒಬ್ಬಳೇ ಇರುವಾಗ, ಸ್ಟುಡಿಯೋದಲ್ಲಿ ಎಲ್ಲ ಆಫ್ ಮಾಡಿ ಒಂದೆರಡು ಸಲ ಮಾತಾಡಿ ನೋಡಿದೆ. ರಫೀಕನಿಗೆ ಹೆಗ್ಗದ್ದೆಯಲ್ಲಿ ಕೇಳಿಸಿಕೊಳ್ಳಲು ಹೇಳಿದ್ದೆ. ಏನೂ ಬರಲಿಲ್ಲವಂತೆ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಮದುವೆಯಾಗಿ ಕೆಲವು ದಿನಕ್ಕೆ ಬೆಳಗೋಡಿಗೆ ಕರೆಂಟು ಬಂತು. ಜನರೇಟರೂ ವಾಪಸಾಯಿತು. ಮಂಜುನಾಥ ವೈರು ಸಿಕ್ಕಿಸಿದ, ನಾನು ಮೈಕಿನ ಮುಂದೆ ಕೂತು ಊರ ಸಮಾಚಾರ ಓದಿದೆ. ಎಲ್ಲೆಲ್ಲಿ ಕಂಬ ನಿಲ್ಲಿಸುತ್ತಿದ್ದಾರೆ, ಯಾವ ಬಸ್ಸು ಶುರುವಾಯಿತು, ಇಂಥವೇ. ಓದಿ ಎದ್ದೊಡನೆ ಫೋನು ಬಡಿದುಕೊಂಡಿತು. ಎತ್ತಿದರೆ ವಯಸ್ಸಾದ ಹೆಂಗಸಿನ ದನಿ. ಹೆಗ್ಗದ್ದೆ ಎಸ್ಟೇಟಿನ ಲೈನಿನವರು, ಆಫೀಸಿನ ಫೋನಿನಿಂದ ಯಾರ ಕೈಯಲ್ಲೋ ನಂಬರ್ ಒತ್ತಿಸಿ ಮಾತಾಡುತ್ತಿದ್ದರು. ನಾನು ಅವರನ್ನು ನೋಡಿಲ್ಲ, ಹೆಸರು ಕೇಳುವುದೂ ಮರೆತುಹೋಯಿತು.

‘ಯಾರು, ಸಮಾಚಾರ ಹೇಳೋ ಮಗೀನಾ?’

‘ಹೌದಜ್ಜಿ, ಹೇಳಿ.’

‘ಅಲ್ಲ ಕಣವ್ವ, ಮದುವೆ ದಿನ ಎಷ್ಟು ಚೆಂದಾಗಿ ಬಂತು. ನನ್ ರೇಡಿಯೋ ಅದು, ನಮ್ ಯಜಮಾನ್ರು ಇದ್ದಾಗ ತಂದಿದ್ದು, ಯಾವತ್ತೂ ಹಂಗೆ ಮಾತಾಡಿರ್ಲಿಲ್ಲ. ನೀವು ಹೇಳೋದು, ಆ ಹುಡ್ಗಿ ನಗೋದು, ನಾನೂ ಒಬ್ಳೇ ಕೂತ್ಕಂಡು ನಕ್ಕಿದ್ದೇ ನಕ್ಕಿದ್ದು. ಅವತ್ತಿಂದ ದಿನಾ ತಿರುಗುಸ್ತಾ ಇವ್ನಿ, ಬರೀ ಸೊಯ್ ಅಂತೈತೆ. ಅವತ್ತು ಏನ್ ಹಾಕಿದ್ರೋ ಅದನ್ನೇ ಇನ್ನೊಂದ್ ಸಲ ಹಾಕವ್ವ.’

‘ಆಗಲಿ ಅಜ್ಜಿ, ನೋಡ್ತೀನಿ’ ಎಂದೆ.

ಇನ್ನೂ ನೋಡುತ್ತಲೇ ಇದ್ದೇನೆ.